ಪರೀಕ್ಷೆ ಬಂತು, ಹೊಟ್ಟೆನೋವೂ ಬಂತು!

ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಿನ ಮಾತು. ಬೆಳಿಗ್ಗೆ ತಟ್ಟೆಗೆ ಬಿಸಿ ದೋಸೆ ಹಾಕಿದರೆ, "ಬೇಡಮ್ಮಾ, ಹೊಟ್ಟೆ ತೊಳಸ್ತಾ ಇದೆ" ಅನ್ನೋಳು. ಶಾಲೆಗೆ ಹೊರಡುವ ಹೊತ್ತಿಗೆ ಎರಡು ಸಲ ಕಕ್ಕಸಿಗೆ ಓಟ. ಭಾನುವಾರ ಮಾತ್ರ ಏನೂ ಇಲ್ಲ! "ಎಲ್ಲಾ ನೆಪ ಕಣೇ" ಎಂದು ಗದರಿದೆ. ನೀವೂ ಗದರಿರಬಹುದು, ಅಲ್ಲವೇ?

ಅದು ನೆಪವಲ್ಲ, ಸೋದರಿಯರೇ. ನೋವು ನಿಜವಾದದ್ದೇ. ಮಿದುಳಿಗೂ ಹೊಟ್ಟೆಗೂ ನರಗಳ ನಂಟಿದೆ. ಮನಸ್ಸು ಹೆದರಿದಾಗ ರಕ್ತ ಜಠರ, ಕರುಳುಗಳ ಕಡೆ ಕಡಿಮೆಯಾಗಿ ಕೈಕಾಲಿನ ಸ್ನಾಯುಗಳತ್ತ ಹೆಚ್ಚು ಹರಿಯುತ್ತದೆ. ಜಠರ ನಿಧಾನವಾಗಿ, ತಿಂದದ್ದು ಅಲ್ಲೇ ಕೂರುತ್ತದೆ, ಅದಕ್ಕೇ ಓಕರಿಕೆ. ದೊಡ್ಡ ಕರುಳು ಮಾತ್ರ ಅವಸರಪಡುತ್ತದೆ, ಅದಕ್ಕೇ ಭೇದಿ. ಸಿಟ್ಟು ಬಂದರೆ ಜೀರ್ಣಕ್ರಿಯೆ ಕೆಡುತ್ತದೆಂದು ಅಮೆರಿಕದ ವೈದ್ಯ ವಿಲಿಯಂ ಬ್ಯೂಮಾಂಟ್ 1833ರಲ್ಲೇ ಬರೆದಿದ್ದಾರೆ. ಗುಂಡೇಟಿನಿಂದ ಹೊಟ್ಟೆಯಲ್ಲಿ ರಂಧ್ರ ಉಳಿದಿದ್ದ ಒಬ್ಬನ ಜಠರವನ್ನು ಅವರು ಕಣ್ಣಾರೆ ನೋಡಿದ್ದರು!

ಹಾಗಾದರೆ ನಾವು ಮಾಡಬೇಕಾದ್ದೇನು? ತಟ್ಟೆಯ ಮುಂದೆ ಅಂಕಗಳ ಮಾತು ಬೇಡ. ಪಕ್ಕದ ಮನೆ ಹುಡುಗನ ಹೋಲಿಕೆಯಂತೂ ಬೇಡವೇ ಬೇಡ. ಬೆಳಿಗ್ಗೆ ಎಣ್ಣೆ ತಿಂಡಿ ಬಿಟ್ಟು ಇಡ್ಲಿ, ತೆಳು ರಾಗಿ ಗಂಜಿ, ಇಲ್ಲವೇ ಮೆತ್ತಗಿನ ಅನ್ನಕ್ಕೆ ಮಜ್ಜಿಗೆ ಕೊಡಿ. ಒಂದೇ ಸಲ ತುಂಬಿಸದೆ ಸ್ವಲ್ಪ ಸ್ವಲ್ಪವಾಗಿ ಕೊಡಿ. ರಾತ್ರಿ ಓದಲೆಂದು ಮೇಲಿಂದ ಮೇಲೆ ಕಾಫಿ ಕೊಡಬೇಡಿ. 8 ಗಂಟೆ ನಿದ್ದೆಯಾದರೂ ಆಗಲಿ. ಮನೆ ಬಿಡುವ ಮುಂಚೆ 5 ನಿಮಿಷ ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಲಿ.

ಆದರೆ ಎಲ್ಲವನ್ನೂ ಪರೀಕ್ಷೆಯ ಭಯವೆಂದು ತಳ್ಳಿಹಾಕಬೇಡಿ. ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ಮತ್ತೆ ಮತ್ತೆ ವಾಂತಿ, ನಿದ್ದೆಯಿಂದ ಎಬ್ಬಿಸುವ ನೋವು, ಬಲಗಡೆ ಕೆಳಹೊಟ್ಟೆಯ ಬಿಡದ ನೋವು, ಇವುಗಳಲ್ಲಿ ಒಂದಿದ್ದರೂ ಡಾಕ್ಟರ ಬಳಿ ಕರೆದೊಯ್ಯಿರಿ. "ಪರೀಕ್ಷೆ ಮುಗೀಲಿ" ಎಂದು ಕಾಯಬೇಡಿ.

ಒಂದು ಸಂಜೆ ನಾನು ಗದರುವುದು ಬಿಟ್ಟು, ಮಗಳ ತಲೆಗೆ ಎಣ್ಣೆ ಹಚ್ಚುತ್ತಾ, "ಏನಮ್ಮಾ ಭಯ?" ಎಂದೆ. "ಲೆಕ್ಕದಲ್ಲಿ ಫೇಲಾದ್ರೆ ಅಪ್ಪ ಮಾತಾಡಿಸ್ತಾರೋ ಇಲ್ವೋ" ಎಂದು ಬಿಕ್ಕಿದಳು. ಅಂದು ರಾತ್ರಿ ಅವಳ ಅಪ್ಪ ತಾವೇ ಅನ್ನ ಬಡಿಸಿ, "ಫೇಲಾದ್ರೆ ಮತ್ತೆ ಕಟ್ಟೋಣ ಬಿಡು, ಊಟ ಮಾಡು" ಎಂದರು. ನೋವು ಅಂದೇ ಹೋಗಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಎರಡು ಇಡ್ಲಿ ಒಳಗೆ ಹೋಯಿತು.

ಇಂದು ನಿಮ್ಮ ಮಗುವನ್ನೂ ಒಮ್ಮೆ ಕೇಳಿ ನೋಡಿ.