ಮದುವೆಯಾದರೂ ಬಿಡಿಸಲಾಗದ ವಲಸೆ ಕಗ್ಗಂಟು

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಗೆದ್ದ ಸುದ್ದಿ ಹೊರಬಿದ್ದ ಮರುದಿನ, ಅಂದರೆ 2024ರ ನವೆಂಬರ್ 7ರಂದು, ಟೆಕ್ಸಾಸ್‌ನ ಫೆಡರಲ್ ನ್ಯಾಯಾಧೀಶ ಜೆ. ಕ್ಯಾಂಬೆಲ್ ಬಾರ್ಕರ್ ನೀಡಿದ ತೀರ್ಪು ಲಕ್ಷಾಂತರ ದಂಪತಿಗಳ ಆಸೆಗೆ ತಣ್ಣೀರೆರಚಿತು. ಅಮೆರಿಕದ ಪ್ರಜೆಯನ್ನು ವರಿಸಿ, ಕನಿಷ್ಠ ಹತ್ತು ವರ್ಷಗಳಿಂದ ಅಲ್ಲಿಯೇ ನೆಲೆಸಿದ್ದ ದಾಖಲೆರಹಿತ ವಲಸಿಗರಿಗೆ ದೇಶ ಬಿಡದೆಯೇ ಗ್ರೀನ್ ಕಾರ್ಡ್ ಕೋರಲು ಅವಕಾಶ ಕಲ್ಪಿಸಿದ್ದ ಜೋ ಬೈಡನ್ ಆಡಳಿತದ ಯೋಜನೆಯನ್ನು ನ್ಯಾಯಾಲಯ ರದ್ದುಪಡಿಸಿತು. ಸುಮಾರು 5 ಲಕ್ಷ ಪತಿ-ಪತ್ನಿಯರಿಗೆ ಇದರಿಂದ ಅನುಕೂಲವಾಗಲಿದೆ ಎಂದು ಸರ್ಕಾರವೇ ಅಂದಾಜಿಸಿತ್ತು. ಆಗಸ್ಟ್ 19ರಂದು ಅರ್ಜಿ ಸ್ವೀಕಾರ ಆರಂಭವಾಗಿ, ಒಂದೇ ವಾರದಲ್ಲಿ ತಡೆಯಾಜ್ಞೆಯೂ ಬಂದಿತ್ತು.

ಅಮೆರಿಕದ ಪ್ರಜೆಯನ್ನು ಮದುವೆಯಾದರೆ ಗ್ರೀನ್ ಕಾರ್ಡ್ ಕೈಸೇರಿದಂತೆಯೇ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಿನಿಮಾಗಳು ಅದಕ್ಕೆ ನೀರೆರೆದಿವೆ. ಆದರೆ ಅಲ್ಲಿನ ಕಾನೂನಿನಲ್ಲಿ ವಿವಾಹಕ್ಕಿಂತಲೂ ಆ ವ್ಯಕ್ತಿ ದೇಶದೊಳಗೆ ಕಾಲಿಟ್ಟ ಬಗೆಗೇ ಹೆಚ್ಚು ತೂಕವಿದೆ.

ಬಾಗಿಲಿನಿಂದ ಬಂದವರು, ಬೇಲಿ ದಾಟಿದವರು

ಎರಡು ಕಾಲ್ಪನಿಕ ಉದಾಹರಣೆಗಳನ್ನು ನೋಡಬಹುದು. ಹುಬ್ಬಳ್ಳಿಯ ಎಂಜಿನಿಯರ್ ಒಬ್ಬರು ಎಚ್-1ಬಿ ವೀಸಾದಲ್ಲಿ ಹೋಗಿ, ಕೆಲಸ ಕಳೆದುಕೊಂಡು, ನಿಯಮದಲ್ಲಿರುವ 60 ದಿನಗಳ ಕಾಲಾವಕಾಶವೂ ಮುಗಿದ ಮೇಲೆ ಅಲ್ಲಿಯೇ ಉಳಿದರೆಂದುಕೊಳ್ಳೋಣ. ಮೆಕ್ಸಿಕೊದ ಪುಯೆಬ್ಲಾದ ಯುವತಿಯೊಬ್ಬಳು 19ರ ವಯಸ್ಸಿನಲ್ಲಿ ಗಡಿಯ ಮರುಭೂಮಿಯನ್ನು ನಡೆದೇ ದಾಟಿದಳೆಂದುಕೊಳ್ಳೋಣ. ಇಬ್ಬರೂ ದಾಖಲೆರಹಿತರು, ಇಬ್ಬರೂ ಪ್ರಾಮಾಣಿಕವಾಗಿ ಅಮೆರಿಕದ ಪ್ರಜೆಗಳನ್ನು ಮದುವೆಯಾದವರು.

ಎಂಜಿನಿಯರ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ತಪಾಸಣೆಗೆ ಒಳಪಟ್ಟು ಪ್ರವೇಶ ಪಡೆದವರು. ಪ್ರಜೆಯ ಸಂಗಾತಿಯನ್ನು ಕಾನೂನು 'ನಿಕಟ ಸಂಬಂಧಿ' ಎಂದು ಪರಿಗಣಿಸುವುದರಿಂದ ವೀಸಾ ಅವಧಿ ಮೀರಿದ್ದನ್ನೂ ಅನುಮತಿಯಿಲ್ಲದೆ ದುಡಿದದ್ದನ್ನೂ ಅದು ಮನ್ನಿಸುತ್ತದೆ. ಪತ್ನಿ ಐ-130 ಅರ್ಜಿಯನ್ನೂ ಆತ ಐ-485 ಅರ್ಜಿಯನ್ನೂ ಒಟ್ಟಿಗೇ ಸಲ್ಲಿಸಿ, ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಪಡೆಯಲು ಸಾಧ್ಯ. ಆ ಹೊತ್ತಿಗೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಮೊದಲು ಸಿಗುವುದು ಷರತ್ತುಬದ್ಧ ಕಾರ್ಡ್.

ಒಂದು ಎಚ್ಚರ ಇಲ್ಲಿ ಅಗತ್ಯ. ಈ ನಡುವೆ ನೌಕರಿಗಾಗಿ ಯಾವುದಾದರೂ ನಮೂನೆಯಲ್ಲಿ ತಾನು 'ಅಮೆರಿಕದ ಪ್ರಜೆ' ಎಂದು ಗುರುತು ಹಾಕಿದ್ದರೆ ಮದುವೆಯೂ ಕೈಹಿಡಿಯದು. ಸುಳ್ಳು ಪೌರತ್ವ ಹೇಳಿಕೊಂಡವರಿಗೆ ಗ್ರೀನ್ ಕಾರ್ಡ್ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಅದಕ್ಕೆ ವಿನಾಯಿತಿ ಇಲ್ಲ.

ಪುಯೆಬ್ಲಾದ ಯುವತಿಗೆ ಐ-485 ದಾರಿಯೇ ಇಲ್ಲ. ಆಕೆ ಸ್ವದೇಶಕ್ಕೆ ಮರಳಿ, ಸ್ಯುದಾದ್ ಹುವಾರೆಸ್‌ನ ಅಮೆರಿಕ ಕಾನ್ಸುಲೇಟ್‌ನಲ್ಲಿ ಸಂದರ್ಶನ ಎದುರಿಸಿ ವಲಸೆ ವೀಸಾ ಪಡೆಯಬೇಕು. ಬಿಲ್ ಕ್ಲಿಂಟನ್ 1996ರಲ್ಲಿ ಸಹಿ ಹಾಕಿದ ಕಾಯ್ದೆಯ ಕುಣಿಕೆ ಬಿಗಿಯುವುದು ಆಗಲೇ. ಅದರ ಪ್ರಕಾರ 180 ದಿನಗಳಿಗಿಂತ ಹೆಚ್ಚು ಅಕ್ರಮವಾಗಿ ಇದ್ದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಇದ್ದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಕಾಗದಪತ್ರ ಸರಿಪಡಿಸಿಕೊಳ್ಳಲು ದೇಶ ಬಿಡಬೇಕು, ದೇಶ ಬಿಟ್ಟೊಡನೆ ಶಿಕ್ಷೆ ಜಾರಿಯಾಗುತ್ತದೆ! ಲಕ್ಷಾಂತರ ಮಂದಿ ತಾಯ್ನಾಡಿನತ್ತ ತಲೆ ಹಾಕದೆ, ಹೆತ್ತವರ ಅಂತ್ಯಕ್ರಿಯೆಗೂ ಹೋಗದೆ ಅಲ್ಲಿಯೇ ಉಳಿದಿರುವುದಕ್ಕೆ ಈ ವಿಚಿತ್ರ ಕಟ್ಟಳೆಯೇ ಮುಖ್ಯ ಕಾರಣ.

ಒಮ್ಮೆ ಒಂದು ವರ್ಷಕ್ಕೂ ಹೆಚ್ಚು ಅಕ್ರಮವಾಗಿದ್ದು, ಹೊರಹೋಗಿ, ಮತ್ತೆ ಕದ್ದು ನುಸುಳಿದವರ ಸ್ಥಿತಿ ಇನ್ನೂ ಕಠಿಣ. ಹತ್ತು ವರ್ಷ ಹೊರಗೆ ಕಳೆದ ನಂತರವಷ್ಟೇ ಅವರು ಅನುಮತಿ ಕೇಳಬಹುದು.

ಕಷ್ಟವೆಂದರೆ ಎಷ್ಟು ಕಷ್ಟ?

ಮೂರು ಮತ್ತು ಹತ್ತು ವರ್ಷಗಳ ನಿಷೇಧಕ್ಕೆ ವಿನಾಯಿತಿ ಉಂಟು. ಒಬಾಮ ಆಡಳಿತ 2013ರ ಮಾರ್ಚ್‌ನಿಂದ ಅದನ್ನು ದೇಶ ಬಿಡುವ ಮೊದಲೇ ಕೋರಲು ಅವಕಾಶ ನೀಡಿತು. ಐ-601ಎ ಎಂಬ ಈ ಅರ್ಜಿಯಲ್ಲಿ, ತಾನಿಲ್ಲದಿದ್ದರೆ ಪ್ರಜೆಯಾದ ಸಂಗಾತಿಗೆ 'ಅತೀವ ಸಂಕಷ್ಟ' ಒದಗುತ್ತದೆ ಎಂದು ಸಾಬೀತುಪಡಿಸಬೇಕು. ಅಗಲಿಕೆಯ ನೋವು ಸಾಲದು; ಸಾಮಾನ್ಯವಾಗಿ ಯಾವ ಕುಟುಂಬಕ್ಕೂ ಆಗುವ ತೊಂದರೆಗಿಂತ ಮಿಗಿಲಾದದ್ದನ್ನು ತೋರಿಸಬೇಕು. ಹಾಗಾಗಿ ಮಧುಮೇಹದ ವರದಿ, ಮನೋವೈದ್ಯರ ಪತ್ರ, ಸಾಲದ ಲೆಕ್ಕ, ತಾಯ್ನಾಡಿನ ಆಸ್ಪತ್ರೆಗಳ ದುಃಸ್ಥಿತಿಯ ದಾಖಲೆ ಹೀಗೆ ಕಟ್ಟುಗಟ್ಟಲೆ ಕಾಗದ ಸೇರಿಸಬೇಕಾಗುತ್ತದೆ. ಸಂಗಾತಿ ಅಥವಾ ತಂದೆ-ತಾಯಿಯ ಕಷ್ಟಕ್ಕಷ್ಟೇ ಇಲ್ಲಿ ಬೆಲೆ. ಅಮೆರಿಕದಲ್ಲಿಯೇ ಹುಟ್ಟಿದ ಮಗುವಿನ ಕಷ್ಟ ನೇರವಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಓದುಗರಿಗೆ ಸೋಜಿಗವೆನಿಸಬಹುದು.

ಈ ಅರ್ಜಿಗಳ ಇತ್ಯರ್ಥಕ್ಕೆ ಇತ್ತೀಚಿನ ವರ್ಷಗಳಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿದೆ. ಮಂಜೂರಾದರೂ ನಿಶ್ಚಿಂತೆಯಿಲ್ಲ. ಕಾನ್ಸುಲೇಟ್ ಅಧಿಕಾರಿ ಬೇರೊಂದು ಕಾರಣ ಮುಂದಿಟ್ಟು ಅನರ್ಹಗೊಳಿಸಿದರೆ ವಿನಾಯಿತಿ ತಾನಾಗಿಯೇ ಬಿದ್ದುಹೋಗುತ್ತದೆ. ಲಾಸ್ ಏಂಜಲೀಸ್‌ನ ಮಹಿಳೆಯೊಬ್ಬರ ಎಲ್ ಸಾಲ್ವಡಾರ್ ಮೂಲದ ಪತಿಗೆ ಹೀಗೆಯೇ ವೀಸಾ ನಿರಾಕರಣೆಯಾಯಿತು. ಅಪರಾಧಿ ಗುಂಪಿನ ನಂಟಿನ ಶಂಕೆ ಅದಕ್ಕೆ ಕಾರಣವಾಗಿತ್ತು. ಪತಿ ಅದನ್ನು ಅಲ್ಲಗಳೆದಿದ್ದರು. ವಿದೇಶಿ ಸಂಗಾತಿಯನ್ನು ದೇಶದೊಳಗೆ ಸೇರಿಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕೇನಲ್ಲ ಎಂದು 2024ರ ಜೂನ್ 21ರಂದು ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ತೀರ್ಪಿತ್ತಿತು. ಬೈಡನ್ ತಮ್ಮ ಯೋಜನೆ ಪ್ರಕಟಿಸಿ ಆಗಿನ್ನೂ ಮೂರು ದಿನಗಳಾಗಿದ್ದವಷ್ಟೆ.

ಉಳಿದ ಕಿಂಡಿಗಳು ಕಿರಿದಾದವು. 2001ರ ಏಪ್ರಿಲ್ 30ರೊಳಗೆ ಹೆಸರಿನಲ್ಲಿ ಅರ್ಜಿ ದಾಖಲಾಗಿದ್ದು ಇತರ ಷರತ್ತುಗಳನ್ನೂ ಪೂರೈಸುವವರು 1,000 ಡಾಲರ್ ದಂಡ ಕಟ್ಟಿ ಅಲ್ಲಿಯೇ ಅರ್ಜಿ ಹಾಕಬಹುದು. ಸೈನಿಕರ ಕುಟುಂಬದವರಿಗೆ 'ಪರೋಲ್' ನೀಡುವ ಪದ್ಧತಿಗೆ 2013ರಲ್ಲಿ ಲಿಖಿತ ಮಾರ್ಗಸೂಚಿ ಬಂತು. ಬೈಡನ್ ಯೋಜನೆ ಅದನ್ನೇ ವಿಸ್ತರಿಸಲು ಹೊರಟಿತ್ತು. ದೌರ್ಜನ್ಯ ಎಸಗುವ ಪ್ರಜೆಯ ಕೈಯಲ್ಲಿ ಸಿಲುಕಿದ ಸಂಗಾತಿ, ಆತನ ಅಥವಾ ಆಕೆಯ ಸಹಿಯಿಲ್ಲದೆ ಸ್ವತಃ ಅರ್ಜಿ ಸಲ್ಲಿಸಬಹುದು. ಮುಂಗಡ ಅನುಮತಿ ಪಡೆದು ವಿದೇಶಕ್ಕೆ ಹೋಗಿಬಂದರೆ ಹತ್ತು ವರ್ಷದ ನಿಷೇಧ ತಗಲುವುದಿಲ್ಲ ಎಂದು ವಲಸೆ ಮೇಲ್ಮನವಿ ಮಂಡಳಿ 2012ರಲ್ಲಿ ಹೇಳಿದ್ದು ಭಾರತೀಯ ದಂಪತಿಯೊಂದರ ಪ್ರಕರಣದಲ್ಲಿಯೇ.

ಸಂದರ್ಶನವೇ ಬೋನು

ಇಷ್ಟು ದಿನ ಹುಬ್ಬಳ್ಳಿಯ ಎಂಜಿನಿಯರ್‌ನಂಥವರ ದಾರಿ ಸುರಕ್ಷಿತವೆಂದೇ ವಕೀಲರು ಹೇಳುತ್ತಿದ್ದರು. ಆ ಮಾತೂ ಈಗ ಸಡಿಲಗೊಂಡಿದೆ. ಕುಟುಂಬದ ಅರ್ಜಿ ಬಾಕಿಯಿರುವುದಾಗಲೀ ಮಂಜೂರಾಗಿರುವುದಾಗಲೀ ಗಡೀಪಾರಿನಿಂದ ರಕ್ಷಣೆ ನೀಡದು ಎಂದು ಪೌರತ್ವ ಮತ್ತು ವಲಸೆ ಸೇವಾ ಇಲಾಖೆ 2025ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಅದೇ ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೊ ನಗರದಲ್ಲಿ, ಗ್ರೀನ್ ಕಾರ್ಡ್ ಸಂದರ್ಶನಕ್ಕೆಂದು ಬಂದ, ವೀಸಾ ಅವಧಿ ಮೀರಿದ್ದ ಸಂಗಾತಿಗಳನ್ನು ಇಲಾಖೆಯ ಕಚೇರಿಯಲ್ಲಿಯೇ ಬಂಧಿಸಿದ ಪ್ರಕರಣಗಳು ವರದಿಯಾದವು.

ಸಂದರ್ಶನಕ್ಕೆ ಹೋಗದಿದ್ದರೆ ಅರ್ಜಿ ಕೈಬಿಟ್ಟಂತೆ ಎಂದು ಪರಿಗಣಿಸಿ ಇಲಾಖೆ ಅದನ್ನು ತಿರಸ್ಕರಿಸಬಹುದು. ಹೋದರೆ ಬಂಧನದ ಭೀತಿ. ಹೀಗಾಗಿ ಮದುವೆಯ ಫೋಟೊ, ಜಂಟಿ ಬ್ಯಾಂಕ್ ಖಾತೆಯ ವಿವರ, ಮನೆ ಬಾಡಿಗೆ ಕರಾರುಪತ್ರಗಳ ಕಡತದ ಜೊತೆಗೆ ವಕೀಲರನ್ನೂ ಕರೆದುಕೊಂಡೇ ಕಚೇರಿಯ ಮೆಟ್ಟಿಲು ಹತ್ತುವುದು ಈಗ ಅನಿವಾರ್ಯವಾಗುತ್ತಿದೆ.