ಗಣಕದ ವಿಮಾನಕ್ಕೆ ಬಣ್ಣ: ಉಪಕರಣದ ಆಯ್ಕೆಯ ವಿಚಾರ

ಕುಳಿತಲ್ಲಿಯೇ ವಿಮಾನ ನಡೆಸುವ ಅನುಭವವನ್ನು ನೀಡುವ ‘ಫ್ಲೈಟ್ ಸಿಮ್ಯುಲೇಟರ್’ ಇಂದು ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಹಾರಿಸಿದಷ್ಟಕ್ಕೆ ತಣಿಯದೆ, ತಾವು ಮೆಚ್ಚಿದ ವಿಮಾನದ ಬಣ್ಣವನ್ನೇ ಅದಕ್ಕೆ ಬಳಿಯಬೇಕೆಂಬ ಹಂಬಲ ಕೆಲವರಲ್ಲಿ ಮೂಡುವುದುಂಟು. ಆಗ ಚಿತ್ರ ತಿದ್ದುವ ಯಾವ ತಂತ್ರಾಂಶವನ್ನು ಆರಿಸಬೇಕೆಂಬ ಪ್ರಶ್ನೆ ಏಳುತ್ತದೆ. ಬೆಲೆಯುಳ್ಳದ್ದೇ ಶ್ರೇಷ್ಠವೆಂಬ ನಂಬಿಕೆ ಸಾಮಾನ್ಯವಾದುದು. ಕಲಿಯುವವರ ಮಟ್ಟಿಗೆ ಅದು ಸಲ್ಲದೆಂಬುದು ನನ್ನ ಅಭಿಪ್ರಾಯ.

ಕೆಲಸದ ಸ್ವರೂಪವನ್ನರಿಯದೆ ಉಪಕರಣದ ಗುಣವನ್ನು ಅಳೆಯಲಾಗದು. ದರ್ಜಿಯು ಅಂಗಿಯ ತೋಳು, ಬೆನ್ನು, ಕೊರಳಪಟ್ಟಿಗಳನ್ನು ಕತ್ತರಿಸಿ ಹರಡುವಂತೆ, ಇಲ್ಲಿ ವಿಮಾನದ ಒಡಲು, ರೆಕ್ಕೆ, ಬಾಲಗಳ ಮೈಯನ್ನು ಬಿಡಿಸಿ ಚೌಕವೊಂದರ ಮೇಲೆ ಹಾಸಿರುತ್ತಾರೆ. ಆ ಚೌಕದ ಅಗಲ ಸಾಮಾನ್ಯವಾಗಿ 1024, 2048 ಅಥವಾ 4096 ಬಿಂದುಗಳು. ಮೂಲ ಬಣ್ಣ ಒಂದು ಪದರದಲ್ಲಿ, ತಗಡುಗಳ ಕೂಡುಗೆರೆ ಮತ್ತು ರಿವೆಟ್ಟುಗಳು ಇನ್ನೊಂದರಲ್ಲಿ, ಅಕ್ಷರ ಲಾಂಛನಗಳು ಮತ್ತೊಂದರಲ್ಲಿ ಇರಬೇಕು. ಬಣ್ಣ ಬದಲಿಸಿದಾಗ ರಿವೆಟ್ಟು ಅಳಿಯಬಾರದು. ಆದುದರಿಂದ ಪದರಗಳ ಸೌಕರ್ಯವೇ ಮೊದಲ ಅಗತ್ಯ. ಎರಡನೆಯದು ‘ಆಲ್ಫಾ’ ಎಂಬ ಕಾಣದ ವಾಹಿನಿ. ಮೈಕ್ರೋಸಾಫ್ಟಿನ 2006ರ ಸಿಮ್ಯುಲೇಟರಿನಲ್ಲಿ ಅನೇಕ ವಿಮಾನಗಳ ಹೊಳಪನ್ನು ನಿರ್ಧರಿಸುವುದು ಇದೇ. ಜೆಪೆಗ್ ಕಡತದಲ್ಲಿ ಇದಕ್ಕೆ ಎಡೆಯಿಲ್ಲ. ಅಕ್ಷರಗಳ ಅಂಚೂ ಅದರಲ್ಲಿ ಮಾಸುತ್ತದೆ. ಮೂರನೆಯದು ಕಡತದ ಬಗೆ. ಫ್ಲೈಟ್‌ಗಿಯರ್, ಎಕ್ಸ್-ಪ್ಲೇನ್‌ಗಳಿಗೆ ಪಿಎನ್‌ಜಿ ಸಾಕು. ಮೈಕ್ರೋಸಾಫ್ಟಿನ ಕೆಲವಕ್ಕೆ ಡಿಡಿಎಸ್ ಬೇಕು.

1990ರಲ್ಲಿ ಹೊರಬಂದ ಫೋಟೋಶಾಪಿನಲ್ಲಿ ಪದರ, ಆಲ್ಫಾಗಳೆರಡೂ ಇವೆ. ವಿಮಾನ ರಚಿಸಿದವರು ಒದಗಿಸುವ ಪದರಸಹಿತ ಮೂಲಚಿತ್ರಗಳು ಬಹುಮಟ್ಟಿಗೆ ಅದರ ಪಿಎಸ್‌ಡಿ ಬಗೆಯವೇ ಆದುದರಿಂದ ಅವು ಅಲ್ಲಿ ಕುಂದಿಲ್ಲದೆ ತೆರೆಯುತ್ತವೆ. ಈ ಹಿರಿಮೆಯನ್ನು ಒಪ್ಪಲೇಬೇಕು. ಆದರೆ 2013ರಿಂದೀಚೆಗೆ ಅದರ ಹೊಸ ಆವೃತ್ತಿಗಳು ಚಂದಾ ಕಟ್ಟುವವರಿಗೆ ಮಾತ್ರ. 1996ರಲ್ಲಿ ಬಿಡುಗಡೆಯಾದ ಗಿಂಪ್ ಉಚಿತ. ಪದರ, ಆಲ್ಫಾ, ಪಿಎನ್‌ಜಿಗಳ ಜೊತೆಗೆ 2019ರಿಂದ ಡಿಡಿಎಸ್ ಕೂಡ ಅದರಲ್ಲಿಯೇ ಅಡಕವಾಗಿದೆ. ಪಿಎಸ್‌ಡಿಯನ್ನೂ ಅದು ತೆರೆಯುತ್ತದೆ. ಕೆಲವು ವಿಶೇಷ ಪರಿಣಾಮಗಳು ಮಾತ್ರ ಪೂರ್ಣವಾಗಿ ಬಾರದಿರಬಹುದು. ಪೇಂಟ್.ನೆಟ್ ಇನ್ನೂ ಸರಳ, ಆದರೆ ವಿಂಡೋಸ್‌ಗೆ ಸೀಮಿತ.

‘ಉದ್ಯೋಗಕ್ಕೆ ಬೇಕಾದುದು ಫೋಟೋಶಾಪ್ ತಾನೆ?’ ಎಂದು ಕೆಲವರು ಕೇಳಬಹುದು. ಪದರಗಳ ಮರ್ಮವನ್ನು ಒಂದರಲ್ಲಿ ಅರಿತವನಿಗೆ ಮತ್ತೊಂದು ಕೆಲವು ವಾರಗಳ ಅಭ್ಯಾಸದಿಂದ ಒಲಿಯುತ್ತದೆ. ಇನ್ನು, ದುಬಾರಿ ತಂತ್ರಾಂಶದ ಕಳ್ಳಪ್ರತಿಯಿಂದ ಕಲಿಸುವುದಂತೂ ವಿದ್ಯೆಯೊಡನೆ ಕಳವನ್ನೂ ಕಲಿಸಿದಂತೆ.

ಬೀದರಿನಲ್ಲಿ 1996ರಲ್ಲಿ ರೂಪುಗೊಂಡ ವಾಯುಪಡೆಯ ಸೂರ್ಯಕಿರಣ ತಂಡದ ಕೆಂಪು-ಬಿಳಿ ಬಣ್ಣವನ್ನು ಒಬ್ಬ ವಿದ್ಯಾರ್ಥಿ ಬಳಿಯಲೆಳಸುವನೆನ್ನೋಣ. 2011ರವರೆಗಿನ ಕಿರಣ್ ವಿಮಾನವೋ, ಅನಂತರದ ಹಾಕ್ ವಿಮಾನವೋ ಎಂಬುದನ್ನು ಅವನು ಮೊದಲು ನಿರ್ಧರಿಸಬೇಕು. ಛಾಯಾಚಿತ್ರಗಳನ್ನು ನೋಡಿ ಕೆಂಪು ಎಲ್ಲಿ ಮುಗಿದು ಬಿಳಿ ಎಲ್ಲಿ ಮೊದಲಾಗುವುದೆಂದು ಗುರುತಿಸಬೇಕು. ಎರಡು ಪಕ್ಕಗಳಿಗೂ ಒಂದೇ ಚಿತ್ರವನ್ನು ಮಗುಚಿ ಬಳಸಿದ್ದರೆ ಒಂದು ಪಕ್ಕದ ಅಕ್ಷರಗಳು ಕನ್ನಡಿಯೊಳಗಿನಂತೆ ತಿರುಗುತ್ತವೆಂಬ ಎಚ್ಚರವೂ ಬೇಕು. ಈ ಅವಲೋಕನವನ್ನು ಯಾವ ಚಂದಾ ಹಣವೂ ತಂದುಕೊಡದು.

ಆದುದರಿಂದ ಅಧ್ಯಾಪಕರು ಉಚಿತ ತಂತ್ರಾಂಶದಿಂದಲೇ ಪಾಠ ಆರಂಭಿಸಲಿ. ದಾನಿಗಳ ಹಣ ವರ್ಷವರ್ಷವೂ ಚಂದಾಕ್ಕೆ ಸಲ್ಲುವ ಬದಲು ಒಳ್ಳೆಯ ಪರದೆಗೆ, ಇನ್ನೊಂದು ಗಣಕಯಂತ್ರಕ್ಕೆ ಸಲ್ಲಲಿ. ಚಂದಾ ಕಟ್ಟಿದರೆ ಒಂದು ತಂತ್ರಾಂಶ ದೊರೆತೀತು. ಯಂತ್ರ ಕೊಂಡರೆ ಇನ್ನೊಬ್ಬ ವಿದ್ಯಾರ್ಥಿಗೆ ಕುಳಿತು ಕಲಿಯಲು ಎಡೆ ದೊರೆಯುತ್ತದೆ.