ಅಗ್ಗದ ಟ್ರಾಕ್ಟರಿನ ಹಿಂದೆ ಯಾರ ಸಾಲ?



2020ರ ಮಾರ್ಚ್ 25ರಂದು ಕೊರೋನಾ ಭಯಕ್ಕೆ ದೇಶಕ್ಕೆಲ್ಲ ಬೀಗ ಬಿತ್ತು. ಮದುವೆಗಳು ನಿಂತವು, ಹೋಟೆಲುಗಳು ಮುಚ್ಚಿದವು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ, ದ್ರಾಕ್ಷಿ, ಹೂವು ಕೇಳುವವರಿಲ್ಲದೆ ತೋಟದಲ್ಲೇ ಕೊಳೆತವು. ಮೇ 19ರಿಂದ ನಮ್ಮ ರಾಜ್ಯದಲ್ಲಿ ಸರ್ಕಾರಿ ಬಸ್ಸು ಮತ್ತೆ ಓಡಿದವು. ಜೂನ್ 8ರಿಂದ ಹೋಟೆಲು, ದೇವಸ್ಥಾನಗಳ ಬಾಗಿಲು ತೆರೆಯಿತು. ಅಷ್ಟರಲ್ಲಿ ಮುಂಗಾರು ತಲೆ ಮೇಲೆ ಬಂದಿತ್ತು. ಹೊಸ ಟ್ರಾಕ್ಟರಿಗೆ ಕೈಯಲ್ಲಿ ದುಡ್ಡಿಲ್ಲ. ನಮ್ಮವರು ಹಳೇ ಟ್ರಾಕ್ಟರು, ಹಳೇ ಬೈಕು ಹುಡುಕಿಕೊಂಡು ಹೊರಟರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಟ್ರಾಕ್ಟರ್ ಯಾಕೆ ಮಾರಾಟಕ್ಕೆ ಬಂತು ಅಂತ ಎಷ್ಟು ಜನ ಕೇಳಿದೆವು?

ಮಾರಲು ನಿಂತವನೂ ನಮ್ಮಂಥ ರೈತನೇ. ಅವನ ಬೆಳೆ ಕೊಳೆಯಿತು, ಸಾಲ ಕೊಳೆಯಲಿಲ್ಲ. ಆ ವರ್ಷ ಆಗಸ್ಟ್ 31ರ ತನಕ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಹಲವರು ಅದನ್ನು ಮನ್ನಾ ಅಂದುಕೊಂಡರು. ಮನ್ನಾ ಅಲ್ಲ ಸ್ವಾಮಿ! ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಸಾಲ ಇನ್ನಷ್ಟು ಬೆಳೆದಿತ್ತು.

ಇಂಥ ಟ್ರಾಕ್ಟರನ್ನು ಬರೀ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ತಂದರೆ ಅದು ನಿಮ್ಮದಾಗುವುದಿಲ್ಲ. ಆರ್.ಸಿ.ಯಲ್ಲಿ ಫೈನಾನ್ಸಿನ ಹೆಸರು ಇರುವ ತನಕ ಸಾಲವೂ ಗಾಡಿಯ ಹಿಂದೆಯೇ ಬರುತ್ತೆ. ಕಂತು ತಪ್ಪಿಸಿದವನು ಅವನು, ಉಳುವ ಹೊತ್ತಿನಲ್ಲಿ ಹೊಲದಿಂದ ಎಳೆದೊಯ್ಯುವುದು ನೀವು ದುಡ್ಡು ಕೊಟ್ಟ ಟ್ರಾಕ್ಟರನ್ನು. ಮಾರಿದವನಿಗೂ ನೆಮ್ಮದಿ ಇಲ್ಲ. ಹೆಸರು ಬದಲಾಗದೆ ಅಪಘಾತವಾದರೆ ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿರುವವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ರೋಗ ಹೋಯಿತು, ಈ ವ್ಯಾಪಾರ ಹೋಗಿಲ್ಲ. ಆದ್ದರಿಂದ ದುಡ್ಡನ್ನು ದಲ್ಲಾಳಿಯ ಕೈಗೆ ಕೊಡಬೇಡಿ. ಮಾರುವವನನ್ನು ಕರೆದುಕೊಂಡು ಸಾಲ ಕೊಟ್ಟ ಕಚೇರಿಗೇ ಹೋಗಿ. ಬಾಕಿ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ, ಅದನ್ನು ಅಲ್ಲೇ ಕಟ್ಟಿ ರಶೀದಿ ಪಡೆಯಿರಿ, ಉಳಿದದ್ದನ್ನು ರೈತನ ಕೈಗೆ ಕೊಡಿ. ಸಾಲ ತೀರಿದ್ದಕ್ಕೆ ಎನ್.ಓ.ಸಿ. ಮತ್ತು 35ನೇ ನಮೂನೆ, ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆ. ಈ ಕಾಗದಗಳನ್ನು 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ಮುಟ್ಟಿಸಿ.

ಇನ್ನೊಂದು ಮಾತು. ಅವನು ಕಷ್ಟದಲ್ಲಿದ್ದಾನೆಂದು ಗೊತ್ತಾದ ಮೇಲೆ ಬೆಲೆ ಇನ್ನೂ ಜಗ್ಗಬೇಡಿ. ಮಂಡಿಯಲ್ಲಿ ನಮ್ಮ ಮಾಲಿಗೆ ಹಾಗೆ ಜಗ್ಗುವವರನ್ನು ನಾವು ಏನೆಂದು ಬೈಯುತ್ತೇವೆ? ಬೆಳೆಗೆ ನ್ಯಾಯವಾದ ಬೆಲೆ ಸಿಗುವ ತನಕ ಇವತ್ತು ಕೊಳ್ಳುವವನು ನಾಳೆ ಮಾರಲು ನಿಲ್ಲುವವನೇ. ಆ ಸಾಲಿನಲ್ಲಿ ನೀವೂ ಇದ್ದೀರಿ, ನಾನೂ ಇದ್ದೇನೆ.